ಹಳದಿ ಲೋಡರಿನ ಪವರ್ ಸ್ಟೀರಿಂಗ್ ಹೊಲದ ಟ್ರ್ಯಾಕ್ಟರಿಗೆ ಕೂರುತ್ತದೆಯೇ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ರೈತ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಹನ್ನೆರಡು ಎಕರೆ ಭತ್ತ ಬೆಳೆಯುತ್ತೇನೆ. ನಮ್ಮ ತಂದೆಯವರು 1986ರಲ್ಲಿ ಕೊಂಡ ಮ್ಯಾಸಿ ಫರ್ಗ್ಯೂಸನ್ 1035 ಟ್ರ್ಯಾಕ್ಟರ್ ಇಂದಿಗೂ ಮನೆಯಲ್ಲಿದೆ. ಎಂಜಿನ್ ಚೆನ್ನಾಗಿದೆ, ಆದರೆ ಸ್ಟೀರಿಂಗ್ ತುಂಬ ಬಿಗಿ. ನನಗೀಗ 54 ವರ್ಷ. ಒಂದು ದಿನ ಓಡಿಸಿದರೆ ಎರಡು ದಿನ ಬಲಭುಜ ನೋಯುತ್ತದೆ. ಕಳೆದ ವರ್ಷ ಹೊಸಪೇಟೆಯ ಗುಜರಿ ವ್ಯಾಪಾರಿಯೊಬ್ಬರಿಂದ ಹಳದಿ ಬಣ್ಣದ ಹಳೆಯ ಲೋಡರ್ ಟ್ರ್ಯಾಕ್ಟರೊಂದನ್ನು ಕೊಂಡೆ. ಅದು ಸಂಡೂರಿನ ಗಣಿಯಲ್ಲಿ ಅದಿರು ತುಂಬುತ್ತಿತ್ತಂತೆ. ಹೆಸರಿನ ಫಲಕ ಕಿತ್ತುಹೋಗಿದೆ, ಎಂಜಿನ್ ಮಾತ್ರ ನಮ್ಮದರಂತೆಯೇ ಮೂರು ಸಿಲಿಂಡರಿನದು. ಅದರ ಸ್ಟೀರಿಂಗ್ ಒಂದು ಬೆರಳಿಗೆ ತಿರುಗುತ್ತದೆ. ಅದನ್ನು ಬಿಚ್ಚಿ 1035ಕ್ಕೆ ಹಾಕಬಹುದೇ? ಒಬ್ಬ ಮೆಕ್ಯಾನಿಕ್ ಸಿಲಿಂಡರ್ ಮಾತ್ರ ಸಾಕು, ನೇಗಿಲು ಎತ್ತುವ ಲಿಫ್ಟ್ ಪಂಪಿನಿಂದಲೇ ಎಣ್ಣೆ ಕೊಡಬಹುದು ಎನ್ನುತ್ತಾರೆ. ಇನ್ನೊಬ್ಬರು ಮುಂದಿನ ಆಕ್ಸಲ್ ಸಮೇತ ಬದಲಿಸಬೇಕು ಎನ್ನುತ್ತಾರೆ. ಊರಿನ ಹಿರಿಯರು ಪವರ್ ಸ್ಟೀರಿಂಗ್ ಡೀಸೆಲ್ ಕುಡಿಯುತ್ತದೆ, ಆಕ್ಸಲ್ ಮುರಿಯುತ್ತದೆ ಎಂದು ಎಚ್ಚರಿಸುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಸೇರಿಕೊಂಡಿವೆ. ಒಂದು, ತಂದೆಯವರ ಟ್ರ್ಯಾಕ್ಟರನ್ನು ಮಾರದೆ, ಭುಜಕ್ಕೆ ನೋವಾಗದಂತೆ ಓಡಿಸಬೇಕೆಂಬುದು. ಇನ್ನೊಂದು, ಮನೆ ಮುಂದೆ ನಿಂತಿರುವ ಹಳದಿ ಯಂತ್ರದ ಹಣ ವ್ಯರ್ಥವಾಗಬಾರದೆಂಬುದು. ಮೊದಲನೆಯದಕ್ಕೆ ಎರಡನೆಯದೇ ಪರಿಹಾರವೆಂದು ನಿಮಗೆ ಅನ್ನಿಸಿರುವುದು ಸಹಜ, ಏಕೆಂದರೆ ಎಂಜಿನ್ ಒಂದೇ ಬಗೆಯದಾದಾಗ ಉಳಿದದ್ದೂ ಒಂದೇ ಇರಬೇಕೆಂದು ಯಾರಿಗಾದರೂ ತೋರುತ್ತದೆ. ಹೊಸಪೇಟೆ ಮತ್ತು ಬಳ್ಳಾರಿಯ ವರ್ಕ್‌ಶಾಪುಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗದ್ದೆಯ ಟ್ರ್ಯಾಕ್ಟರುಗಳನ್ನೂ ಗಣಿಯ ಲೋಡರುಗಳನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿಕೊಂಡು ಬಿಚ್ಚಿದವನಾಗಿ ಹೇಳುವುದಾದರೆ, ಈ ಎರಡು ಯಂತ್ರಗಳ ಅಂತರ ಎಂಜಿನ್ನಿನಲ್ಲಿಲ್ಲ, ಸ್ಟೀರಿಂಗ್ ಚಕ್ರದಲ್ಲಿಯೂ ಇಲ್ಲ; ಕೆಲಸ ಮಾಡುವಾಗ ಮುಂದಿನ ಗಾಲಿಗಳ ಮೇಲೆ ಬೀಳುವ ಭಾರದಲ್ಲಿದೆ.

ಗದ್ದೆಯ ಟ್ರ್ಯಾಕ್ಟರ್ ನೇಗಿಲನ್ನೋ ಟ್ರಾಲಿಯನ್ನೋ ಎಳೆಯತೊಡಗಿದ ಕೂಡಲೇ ಅದರ ಮುಂಭಾಗದ ಭಾರದ ಒಂದು ಪಾಲು ಹಿಂದಿನ ಗಾಲಿಗಳಿಗೆ ಸರಿಯುತ್ತದೆ. ಹ್ಯಾರಿ ಫರ್ಗ್ಯೂಸನ್ ರೂಪಿಸಿದ ಮೂರು ತೋಳಿನ ಲಿಫ್ಟ್ ವ್ಯವಸ್ಥೆಯ ಜಾಣತನವೇ ಇದು: ನೇಗಿಲಿನ ಎಳೆತವನ್ನು ಹಿಂದಿನ ಗಾಲಿಗಳ ಹಿಡಿತವಾಗಿ ಮಾರ್ಪಡಿಸುವುದು. ಆದ್ದರಿಂದ ಕೃಷಿ ಟ್ರ್ಯಾಕ್ಟರಿನ ಮೂತಿ ಕೆಲಸದಲ್ಲಿ ಹಗುರವಾಗುತ್ತದೆ. ಲೋಡರಿನದು ಇದಕ್ಕೆ ತೀರಾ ವಿರುದ್ಧ. ಬಕೆಟ್ ತುಂಬಿದಂತೆಲ್ಲ ಅದರ ಮೂತಿ ಭಾರವಾಗುತ್ತದೆ, ಹಿಂಭಾಗ ಹಗುರವಾಗುತ್ತದೆ. ಕೃಷಿ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ದಾರಿ ತೋರಿಸಲು ಇರುವುದು. ಲೋಡರಿನ ಮುಂದಿನ ಆಕ್ಸಲ್ ಹೊರೆ ಹೊರಲು ಇರುವುದು.

ಇದನ್ನು ಅಂಕಿಗಳಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ನಿಮ್ಮ 1035ರ ತೂಕ ಸುಮಾರು 1,700 ಕಿಲೋ. ಅದರಲ್ಲಿ ಸುಮಾರು 650 ಕಿಲೋ ಮುಂದಿನ ಗಾಲಿಗಳ ಮೇಲಿದೆಯೆಂದು ಇಟ್ಟುಕೊಳ್ಳಿ. ಅದೇ ಗಾತ್ರದ ಟ್ರ್ಯಾಕ್ಟರಿಗೆ ಲೋಡರಿನ ಚೌಕಟ್ಟು ಮತ್ತು ಖಾಲಿ ಬಕೆಟ್ ಸೇರಿದರೆ ಮುಂದೆ ಇನ್ನೊಂದು 400 ಕಿಲೋ ಬೀಳುತ್ತದೆ. ಕಾಲು ಘನ ಮೀಟರಿನ ಬಕೆಟ್ಟಿಗೆ ಕಬ್ಬಿಣದ ಅದಿರು ತುಂಬಿದರೆ ಸುಮಾರು 600 ಕಿಲೋ ಆಗುತ್ತದೆ. ಅದು ಮುಂದಿನ ಆಕ್ಸಲಿಗಿಂತ ನಾಲ್ಕು ಅಡಿ ಮುಂದೆ ತೂಗಾಡುವುದರಿಂದ, ಸನ್ನೆಗೋಲಿನ ಲೆಕ್ಕದಂತೆ ಆಕ್ಸಲ್ ಮೇಲೆ ಬೀಳುವುದು 600 ಅಲ್ಲ, ಸುಮಾರು 1,000 ಕಿಲೋ. ಹೆಚ್ಚಿನ 400 ಕಿಲೋ ಹಿಂದಿನ ಗಾಲಿಗಳಿಂದ ಕಿತ್ತು ತಂದದ್ದು. ಒಟ್ಟು 2,000 ಕಿಲೋ ದಾಟಿತು, ಅಂದರೆ ಗದ್ದೆಯ ಟ್ರ್ಯಾಕ್ಟರಿನ ಮೂರು ಪಟ್ಟು. ನಿಂತಲ್ಲೇ ಗಾಲಿ ತಿರುಗಿಸಲು ಬೇಕಾದ ಬಲ ಭಾರದಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ಅದಕ್ಕಿಂತ ವೇಗವಾಗಿ ಏರುತ್ತದೆ; ಎಂಜಿನಿಯರುಗಳು ಬಳಸುವ ಅಂದಾಜು ಸೂತ್ರದ ಪ್ರಕಾರ, ಟೈರಿನ ಗಾಳಿ ಅಷ್ಟೇ ಇದ್ದರೆ, ಭಾರ ಮೂರು ಪಟ್ಟಾದಾಗ ತಿರುಗಿಸುವ ಬಲ ಐದು ಪಟ್ಟಿಗೂ ಹೆಚ್ಚಾಗುತ್ತದೆ. ಇದನ್ನು ಮನುಷ್ಯನ ತೋಳು ಮಾಡಲಾರದು. ಹೀಗಾಗಿ ಲೋಡರಿಗೆ ಪವರ್ ಸ್ಟೀರಿಂಗ್ ಇಲ್ಲದಿದ್ದರೆ ಕೆಲಸವೇ ಸಾಗದು, ಅದೇ ಗಾತ್ರದ ಗದ್ದೆಯ ಟ್ರ್ಯಾಕ್ಟರಿಗೆ ಹಲವು ದಶಕಗಳ ಕಾಲ ಅದು ಹೆಚ್ಚು ಹಣ ಕೊಟ್ಟು ಪಡೆಯುವ ಅನುಕೂಲವಾಗಿಯೇ ಉಳಿಯಿತು.

ಹಳೆಯ ಯಂತ್ರಗಳಲ್ಲಿ ಎಣ್ಣೆಯ ಬಲದಿಂದ ತಿರುಗುವ ಸ್ಟೀರಿಂಗ್ ಎರಡು ಬಗೆಯದು. ಮೊದಲನೆಯದರಲ್ಲಿ ಹಳೆಯ ಸ್ಟೀರಿಂಗ್ ಬಾಕ್ಸ್, ಬಾಕ್ಸಿನಿಂದ ಇಳಿದ ತೋಳಾದ ಡ್ರಾಪ್ ಆರ್ಮ್, ಆ ತೋಳಿನಿಂದ ಗಾಲಿಯ ಕಡೆಗೆ ಹೋಗುವ ರಾಡಾದ ಡ್ರಾಗ್ ಲಿಂಕ್ ಎಲ್ಲವೂ ಇದ್ದಲ್ಲೇ ಇರುತ್ತವೆ. ಒಂದು ವಾಲ್ವ್ ನಿಮ್ಮ ಕೈಯ ಒತ್ತಡವನ್ನು ಗ್ರಹಿಸಿ ಸಿಲಿಂಡರಿಗೆ ಎಣ್ಣೆ ಬಿಡುತ್ತದೆ, ಸಿಲಿಂಡರ್ ಕೈಗೆ ನೆರವಾಗುತ್ತದೆ. 1964ರಲ್ಲಿ ಬಂದ ಮ್ಯಾಸಿ ಫರ್ಗ್ಯೂಸನ್ 135ರಂತಹ ಕೃಷಿ ಟ್ರ್ಯಾಕ್ಟರುಗಳಿಗೆ ಪವರ್ ಸ್ಟೀರಿಂಗನ್ನು ಬೇಕಾದವರಿಗೆ ಮಾತ್ರ ಹಾಕಿಕೊಡುತ್ತಿದ್ದ ಕಾಲದಲ್ಲಿ ಈ ನೆರವಿನ ಬಗೆಯೇ ಹೆಚ್ಚು ರೂಢಿಯಲ್ಲಿತ್ತು. ಎರಡನೆಯದರಲ್ಲಿ ಸ್ಟೀರಿಂಗ್ ಚಕ್ರಕ್ಕೂ ಗಾಲಿಗೂ ನಡುವೆ ಕಬ್ಬಿಣದ ಸಂಬಂಧವೇ ಇರುವುದಿಲ್ಲ. ಚಕ್ರದ ಬುಡದಲ್ಲಿ ನಮ್ಮ ಮೆಕ್ಯಾನಿಕ್‌ಗಳು ಆರ್ಬಿಟ್ರೋಲ್ ಎಂದು ಕರೆಯುವ ಒಂದು ಯೂನಿಟ್ ಇರುತ್ತದೆ, ಅಲ್ಲಿಂದ ಸಿಲಿಂಡರಿಗೆ ಹೋಸ್ ಪೈಪುಗಳು ಹೋಗುತ್ತವೆ, ನಡುವೆ ಇರುವುದೆಲ್ಲ ಎಣ್ಣೆ. ಲೋಡರುಗಳು ಬಹುಬೇಗ ಈ ಎರಡನೆಯ ಬಗೆಗೆ ಒಲಿದವು, ಏಕೆಂದರೆ ಅಷ್ಟು ಭಾರದ ಹೊಡೆತ ಹಲ್ಲುಗಾಲಿಗಳ ಮೂಲಕ ಚಾಲಕನ ಕೈಗೆ ಹಿಂತಿರುಗಿ ಬರುವುದು ಅಪಾಯಕಾರಿ, ಅಲ್ಲದೆ ಲೋಡರಿನ ತೋಳುಗಳ ನಡುವೆ ರಾಡುಗಳಿಗೆ ಜಾಗ ಹುಡುಕುವುದಕ್ಕಿಂತ ಪೈಪು ಎಳೆಯುವುದು ಸುಲಭ. ಆದರೆ ಹಳದಿಯದೆಲ್ಲ ಎರಡನೆಯ ಬಗೆ, ಮ್ಯಾಸಿಯಂತಹ ಕೆಂಪು ಕೃಷಿ ಟ್ರ್ಯಾಕ್ಟರಿನದೆಲ್ಲ ಮೊದಲನೆಯದು ಎಂದು ಬಣ್ಣ ನೋಡಿ ತೀರ್ಮಾನಿಸಬೇಡಿ. ಎರಡೂ ಕಡೆ ಎರಡೂ ಬಗೆಗಳಿವೆ.

ಫಲಕ ಇಲ್ಲದ ನಿಮ್ಮ ಯಂತ್ರ ಯಾವ ಬಗೆಯದೆಂದು ನೀವೇ ತಿಳಿಯಬಹುದು. ಸ್ಟೀರಿಂಗ್ ಕಂಬದ ಬುಡದಲ್ಲಿ ಬಗ್ಗಿ ನೋಡಿ. ಅಲ್ಲಿ ಡ್ರಾಪ್ ಆರ್ಮ್ ಇಲ್ಲದೆ, ಬುಡದ ಯೂನಿಟ್ಟಿಗೆ ನಾಲ್ಕು ಪೈಪುಗಳು ಸೇರಿದ್ದರೆ ಅದು ಎರಡನೆಯ ಬಗೆ: ಒಂದು ಪಂಪಿನಿಂದ ಬರುವುದು, ಒಂದು ಟ್ಯಾಂಕಿಗೆ ಮರಳುವುದು, ಉಳಿದೆರಡು ಎಡಬಲ ತಿರುವಿಗೆ ಸಿಲಿಂಡರಿಗೆ ಹೋಗುವುವು. ಎಂಜಿನ್ ನಿಲ್ಲಿಸಿ ತಿರುಗಿಸಿದಾಗಲೂ ಇದು ಗೊತ್ತಾಗುತ್ತದೆ. ನೆರವಿನ ಬಗೆಯಾದರೆ ಬಿಗಿಯಾಗಿಯಾದರೂ ಗಾಲಿ ನೇರವಾಗಿ ಕೈಯ ಮಾತು ಕೇಳುತ್ತದೆ. ಎಣ್ಣೆಯ ಬಗೆಯಾದರೆ ಯೂನಿಟ್ ಒಂದು ಕೈಪಂಪಿನಂತೆ ದುಡಿಯುತ್ತದೆ, ಬಹಳ ಸುತ್ತಿ ಸ್ವಲ್ಪ ತಿರುಗುತ್ತದೆ, ಒಳಗೆ ಸವೆದಿದ್ದರೆ ಚಕ್ರ ಸುತ್ತುತ್ತಲೇ ಇರುತ್ತದೆ, ಗಾಲಿ ಅಲುಗುವುದಿಲ್ಲ.

ಈಗ ನಿಮ್ಮ ಮೊದಲ ಮೆಕ್ಯಾನಿಕ್ ಹೇಳಿದ ಮಾತಿಗೆ ಬರುತ್ತೇನೆ. ಸಿಲಿಂಡರ್ ಮಾತ್ರ ಹಾಕಿ ಲಿಫ್ಟ್ ಪಂಪಿನಿಂದ ಎಣ್ಣೆ ಕೊಡುವುದು ಈ ಪತ್ರದಲ್ಲಿರುವ ಎಲ್ಲ ಸಲಹೆಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಫರ್ಗ್ಯೂಸನ್ ವಂಶದ ಟ್ರ್ಯಾಕ್ಟರುಗಳಲ್ಲಿ ಲಿಫ್ಟ್ ಪಂಪು ಹಿಂದಿನ ಹೌಸಿಂಗಿನೊಳಗೆ ಗೇರ್ ಎಣ್ಣೆಯಲ್ಲಿ ಮುಳುಗಿ ಕುಳಿತಿರುತ್ತದೆ. ಅದನ್ನು ತಿರುಗಿಸುವುದು ಪಿ.ಟಿ.ಓ. ಶಾಫ್ಟ್, ಅಂದರೆ ಹಿಂದೆ ಕಟ್ಟಿದ ಉಪಕರಣಗಳಿಗೆ ಎಂಜಿನ್ನಿನ ಶಕ್ತಿ ಒಯ್ಯುವ ದಂಡ. ಇತರ ಪಂಪುಗಳಂತೆ ಅದು ಸದಾ ಎಣ್ಣೆ ಹರಿಸುತ್ತಿರುವುದಿಲ್ಲ. ಅದರ ನಿಯಂತ್ರಣ ವಾಲ್ವ್ ಎಣ್ಣೆ ಒಳಬರುವ ಬದಿಯಲ್ಲಿಯೇ ಇದ್ದು, ಲಿಫ್ಟ್ ಏರಬೇಕಾದಾಗ ಮಾತ್ರ ಎಣ್ಣೆಯನ್ನು ಒಳಬಿಡುತ್ತದೆ, ಏರಿದ ಮೇಲೆ ಮುಚ್ಚಿಕೊಳ್ಳುತ್ತದೆ. ಸ್ಟೀರಿಂಗಿಗೆ ಬೇಕಾದದ್ದು ಇದಲ್ಲ. ಅದಕ್ಕೆ ಎಂಜಿನ್ ತಿರುಗುವಷ್ಟು ಹೊತ್ತೂ ತಡೆಯಿಲ್ಲದೆ ಹರಿಯುವ ಎಣ್ಣೆ ಬೇಕು. ಅದಕ್ಕಿಂತ ಭಯಂಕರವಾದದ್ದು ಕ್ಲಚ್ಚಿನ ವಿಷಯ. ಒಂಟಿ ಕ್ಲಚ್ಚಿನ ಟ್ರ್ಯಾಕ್ಟರಿನಲ್ಲಿ ಪೆಡಲ್ ಒತ್ತಿದೊಡನೆ, ಜೋಡಿ ಕ್ಲಚ್ಚಿನದರಲ್ಲಿ ಪೆಡಲನ್ನು ಪೂರ್ತಿ ಒತ್ತಿದೊಡನೆ, ಪಿ.ಟಿ.ಓ. ನಿಂತು ಪಂಪೂ ನಿಲ್ಲುತ್ತದೆ. ಎದುರಿಗೆ ಏನಾದರೂ ಬಂದು ನೀವು ಕ್ಲಚ್ಚು ಬ್ರೇಕು ಎರಡನ್ನೂ ಒತ್ತಿದ ಆ ಕ್ಷಣದಲ್ಲಿಯೇ ಸ್ಟೀರಿಂಗ್ ಸತ್ತುಹೋಗುತ್ತದೆ. ಕಂಪ್ಲಿ ಕಡೆಯ ರಸ್ತೆಯಲ್ಲಿ ಹೀಗೆ ಮಾಡಿಸಿಕೊಂಡಿದ್ದ ಒಂದು ಟ್ರ್ಯಾಕ್ಟರ್ ಭತ್ತದ ಟ್ರಾಲಿ ಸಮೇತ ತಿರುವಿನಲ್ಲಿ ನೇರ ಹೋಗಿ ಗದ್ದೆಗೆ ಇಳಿದದ್ದನ್ನು ಎತ್ತಲು ನಾನೇ ಹೋಗಿದ್ದೆ. ಚಾಲಕ ಹುಡುಗ ಬದುಕಿಕೊಂಡ. ಸ್ಟೀರಿಂಗ್ ಚಕ್ರ ಕಲ್ಲಿನಂತಾಯಿತು ಎಂದು ಅವನು ನಡುಗುತ್ತ ಹೇಳಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ, ಅಂದಿನಿಂದ ಇಂಥ ಜೋಡಣೆಯನ್ನು ಯಾರು ಎಷ್ಟು ಕೊಟ್ಟರೂ ನನ್ನ ವರ್ಕ್‌ಶಾಪಿನಲ್ಲಿ ಮಾಡಿಲ್ಲ. ಇದಲ್ಲದೆ ಲಿಫ್ಟಿನ ಎಣ್ಣೆಯೂ ಗೇರುಬಾಕ್ಸಿನ ಎಣ್ಣೆಯೂ ಒಂದೇ ಆದ್ದರಿಂದ ಹಲ್ಲುಗಳಿಂದ ಉದುರಿದ ಲೋಹದ ಪುಡಿ ಅದರಲ್ಲಿ ಇದ್ದೇ ಇರುತ್ತದೆ. ಆರ್ಬಿಟ್ರೋಲಿನ ಒಳಗಿನ ಸೂಕ್ಷ್ಮ ಸಂದುಗಳು ಅದನ್ನು ಹೆಚ್ಚು ದಿನ ತಾಳುವುದಿಲ್ಲ.

ಕಾರ್ಖಾನೆಯಲ್ಲಿಯೇ ಪವರ್ ಸ್ಟೀರಿಂಗ್ ಹಾಕಿ ಕಳಿಸಿದ ಯಂತ್ರಗಳಲ್ಲಿ ಈ ಕಾರಣಕ್ಕಾಗಿ ಬೇರೆಯದೇ ಪಂಪು ಇರುತ್ತದೆ. ಕೃಷಿ ಟ್ರ್ಯಾಕ್ಟರಿನಲ್ಲಿ ಅದು ಎಂಜಿನ್ನಿನ ಟೈಮಿಂಗ್ ಗೇರುಗಳಿಂದ ತಿರುಗುವ ಚಿಕ್ಕ ಪಂಪು, ಸ್ವಂತ ಎಣ್ಣೆಯ ಡಬ್ಬಿಯೊಂದಿಗೆ. ಲೋಡರಿನಲ್ಲಿ ಸಾಮಾನ್ಯವಾಗಿ ಕ್ರ್ಯಾಂಕ್‌ಶಾಫ್ಟಿನ ಮುಂತುದಿಯಿಂದಲೇ ತಿರುಗುವ ದೊಡ್ಡ ಪಂಪಿದ್ದು, ಬಕೆಟ್ಟಿಗೂ ಸ್ಟೀರಿಂಗಿಗೂ ಎಣ್ಣೆ ಹಂಚುವ ಒಂದು ವಾಲ್ವ್ ಇರುತ್ತದೆ. ಬಕೆಟ್ ಎತ್ತುತ್ತಿರುವಾಗಲೂ ಮೊದಲ ಪಾಲು ಸ್ಟೀರಿಂಗಿಗೆ ಹೋಗಬೇಕು. ಆ ವಾಲ್ವನ್ನು ಬಿಟ್ಟು ಉಳಿದದ್ದನ್ನು ಬಿಚ್ಚಿ ತಂದರೆ ವ್ಯವಸ್ಥೆ ಕುರುಡಾಗುತ್ತದೆ. ಲೋಡರಿನ ಯೂನಿಟ್ಟನ್ನು ಚಿಕ್ಕ ಪಂಪಿಗೆ ಜೋಡಿಸಿದರೂ ತೊಂದರೆಯೇ. ಒಂದು ಸುತ್ತಿಗೆ 160 ಸಿ.ಸಿ. ಎಣ್ಣೆ ಬೇಡುವ ಯೂನಿಟ್ಟಿಗೆ ನಿಮಿಷಕ್ಕೆ 10 ಲೀಟರ್ ಕೊಡುವ ಪಂಪು ಹಾಕಿದರೆ, ಎಂಜಿನ್ ಪೂರ್ಣ ವೇಗದಲ್ಲಿದ್ದಾಗ ನಿಮಿಷಕ್ಕೆ 62 ಸುತ್ತು ಸಿಗುತ್ತದೆ. ಐಡಲಿನಲ್ಲಿ ಪಂಪಿನ ವೇಗ ಮೂರನೇ ಒಂದಕ್ಕೆ ಇಳಿದಾಗ ಇಪ್ಪತ್ತು ಸುತ್ತು ಮಾತ್ರ. ಅದಕ್ಕಿಂತ ಬೇಗ ತಿರುಗಿಸಲು ಹೋದರೆ ಅದು ಮತ್ತೆ ನಿಮ್ಮ ಭುಜದ ಕೆಲಸವಾಗುತ್ತದೆ.

ಸಿಲಿಂಡರನ್ನು ಎಲ್ಲಿ ಕಟ್ಟುತ್ತೀರಿ ಎಂಬುದು ಇನ್ನೊಂದು ಪ್ರಶ್ನೆ. ನೀವು ಪತ್ರದೊಂದಿಗೆ ಕಳಿಸಿದ ಚಿತ್ರದಲ್ಲಿ ಕಾಣುವಂತೆ ನಿಮ್ಮ 1035ರಲ್ಲಿ ಸ್ಟೀರಿಂಗ್ ಬಾಕ್ಸಿನ ಎರಡೂ ಪಕ್ಕದಲ್ಲಿ ಒಂದೊಂದು ಡ್ರಾಪ್ ಆರ್ಮ್ ಇದ್ದು, ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಎಂದು ಎರಡು ಡ್ರಾಗ್ ಲಿಂಕುಗಳು ಹೋಗುತ್ತವೆ. ಇದು 1946ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಫರ್ಗ್ಯೂಸನ್ ಟಿ.ಇ. 20ರಿಂದ ಬಂದ ವಿನ್ಯಾಸ. ಹಿಂದಕ್ಕೆ ಬಾಗಿದ ಆಕ್ಸಲ್, ಎರಡು ಲಿಂಕುಗಳು. ಸಾಲುಗಳ ಅಗಲಕ್ಕೆ ತಕ್ಕಂತೆ ಗಾಲಿಗಳ ಅಂತರವನ್ನು ಹೆಚ್ಚು ಕಡಿಮೆ ಮಾಡಿದರೂ ಸ್ಟೀರಿಂಗ್ ರಾಡುಗಳನ್ನು ಮುಟ್ಟಬೇಕಾಗಿಲ್ಲ. ಸಾಲುಬೆಳೆಯ ರೈತನಿಗೆ ಇದು ಎಂಥ ಅನುಕೂಲವೆಂದು ಹತ್ತಿ ಬೆಳೆದವರಿಗೆ ಗೊತ್ತು. ಆದರೆ ಈ ವಿನ್ಯಾಸದಲ್ಲಿ ಎರಡು ಗಾಲಿಗಳನ್ನು ನೇರವಾಗಿ ಕೂಡಿಸುವ ಟೈ ರಾಡ್ ಇಲ್ಲ. ಒಂದು ಗಾಲಿಗೆ ಸಿಲಿಂಡರ್ ಕಟ್ಟಿ ತಳ್ಳಿದರೆ, ಇನ್ನೊಂದು ಗಾಲಿಯನ್ನು ತಿರುಗಿಸುವ ಬಲವೆಲ್ಲ ಮೊದಲ ಲಿಂಕಿನಿಂದ ಹಿಂದಕ್ಕೆ ಹೋಗಿ, ಸ್ಟೀರಿಂಗ್ ಬಾಕ್ಸಿನ ಹಲ್ಲುಗಳನ್ನು ದಾಟಿ, ಎರಡನೆಯ ಲಿಂಕಿನಿಂದ ಮುಂದಕ್ಕೆ ಬರಬೇಕು. ಮನುಷ್ಯನ ಕೈಯ ಬಲಕ್ಕೆಂದು ಮಾಡಿದ ಹಲ್ಲುಗಳವು. 50 ಮಿಲಿಮೀಟರ್ ಒಳವ್ಯಾಸದ ಸಾಧಾರಣ ಸಿಲಿಂಡರ್ ಕೂಡ 70 ಬಾರ್ ಒತ್ತಡದಲ್ಲಿ 1,300 ಕಿಲೋಗೂ ಹೆಚ್ಚಿನ ಬಲದಿಂದ ತಳ್ಳುತ್ತದೆ. ಲೋಡರಿನ ಒತ್ತಡ ಇದರ ಎರಡು ಪಟ್ಟಿದ್ದರೆ ಬಲವೂ ಎರಡು ಪಟ್ಟು. ಲೋಡರಿನ ನೇರ ಆಕ್ಸಲಿನಲ್ಲಿ ದಪ್ಪನೆಯ ಟೈ ರಾಡ್ ಇರುವುದರಿಂದ ಅಲ್ಲಿ ಈ ತೊಡಕಿಲ್ಲ, ಆದರೆ ಅಲ್ಲಿ ಗಾಲಿಗಳ ಅಂತರವನ್ನು ಬದಲಿಸುವ ಅನುಕೂಲವೂ ಸಾಮಾನ್ಯವಾಗಿ ಇರುವುದಿಲ್ಲ.

ಇಲ್ಲಿಂದಲೇ ನಿಮ್ಮ ಊರಿನ ಹಿರಿಯರ ಮಾತಿನಲ್ಲಿರುವ ನಿಜವೂ ತಿಳಿಯುತ್ತದೆ. ಪವರ್ ಸ್ಟೀರಿಂಗ್ ತಾನಾಗಿ ಆಕ್ಸಲ್ ಮುರಿಯುವುದಿಲ್ಲ. ಕೈಯಿಂದ ತಿರುಗಿಸುವಾಗ ಗಾಲಿ ಕಲ್ಲಿಗೋ ಬದುವಿಗೋ ಒತ್ತಿಕೊಂಡರೆ ಕೈ ಸೋಲುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಸಿಲಿಂಡರ್ ಸೋಲುವುದಿಲ್ಲ, ಆದ್ದರಿಂದ ಮುಂದಿನ ದುರ್ಬಲ ಭಾಗ ಸೋಲುತ್ತದೆ. ಕಾರ್ಖಾನೆಯವರು ಪವರ್ ಸ್ಟೀರಿಂಗ್ ಕೊಟ್ಟಾಗ ಆಕ್ಸಲ್, ಸ್ಪಿಂಡಲ್, ತೋಳುಗಳನ್ನೂ ಅದಕ್ಕೆ ತಕ್ಕಂತೆ ನೋಡಿಕೊಂಡಿರುತ್ತಾರೆ, ಸಿಲಿಂಡರಿನ ಓಟ ಮುಗಿಯುವ ಮೊದಲೇ ಗಾಲಿ ತಡೆಗೆ ತಾಗಿ ನಿಲ್ಲುವಂತೆ ಅಳತೆ ಹಿಡಿದಿರುತ್ತಾರೆ. ಹಿರಿಯರು ಕಂಡ ಮುರಿದ ಆಕ್ಸಲುಗಳು ಬಹುಶಃ ಈ ಎರಡನ್ನೂ ಮಾಡದೆ ಜೋಡಿಸಿದ ಯಂತ್ರಗಳವು.

ಡೀಸೆಲ್ಲಿನ ಮಾತಿನಲ್ಲಿ ಮಾತ್ರ ಹುರುಳಿಲ್ಲ. ನಿಮಿಷಕ್ಕೆ 10 ಲೀಟರ್ ಎಣ್ಣೆಯನ್ನು 70 ಬಾರ್ ಒತ್ತಡಕ್ಕೆ ತರಲು ಪಂಪಿನ ನಷ್ಟವನ್ನೂ ಸೇರಿಸಿ ಸುಮಾರು 1.4 ಕಿಲೋವ್ಯಾಟ್, ಎಂದರೆ ಎರಡು ಎಚ್.ಪಿ.ಗಿಂತ ಕಡಿಮೆ ಸಾಕು; ಅದೂ ಗಾಲಿಯನ್ನು ಕೊನೆಯವರೆಗೆ ತಿರುಗಿಸಿ ಒತ್ತಿ ಹಿಡಿದ ಕೆಲವು ಸೆಕೆಂಡುಗಳಲ್ಲಿ ಮಾತ್ರ. ನೇರ ಸಾಲಿನಲ್ಲಿ ಹೋಗುವಾಗ ಅದರ ಹತ್ತನೇ ಒಂದು ಪಾಲೂ ಆಗುವುದಿಲ್ಲ.

ಎರಡನೆಯ ಮೆಕ್ಯಾನಿಕ್ ಹೇಳಿದಂತೆ ಆಕ್ಸಲ್ ಸಮೇತ ಬದಲಿಸುವುದು ತಾತ್ವಿಕವಾಗಿ ಸರಿ, ಏಕೆಂದರೆ ಹಾಗೆ ಮಾಡಿದರೆ ಸಿಲಿಂಡರ್, ಟೈ ರಾಡ್, ತಡೆಗಳು ಒಟ್ಟಿಗೇ ಬರುತ್ತವೆ. ಆದರೆ ಆಕ್ಸಲನ್ನು ಹಿಡಿಯುವ ಮುಂದಿನ ಎರಕದ ಭಾಗ ಬೇರೆ, ಅದರ ನಡುವಿನ ಪಿನ್ ಬೇರೆ, ಎತ್ತರ ಬೇರೆ. ಪಂಪನ್ನು ತಿರುಗಿಸಲು ಕ್ರ್ಯಾಂಕ್ ಪುಲ್ಲಿ ಬದಲಿಸಬೇಕು, ಅದಕ್ಕಾಗಿ ರೇಡಿಯೇಟರಿನ ಕೆಳಗೆ ದಾರಿ ಮಾಡಬೇಕು. ಒಂದನ್ನು ಕೂರಿಸಲು ಹೋಗಿ ನಾಲ್ಕನ್ನು ವೆಲ್ಡಿಂಗ್ ಮಾಡುವ ಪರಿಸ್ಥಿತಿ ಬರುತ್ತದೆ, ಎರಕದ ಕಬ್ಬಿಣಕ್ಕೆ ಹಾಕಿದ ವೆಲ್ಡಿಂಗನ್ನು ಸ್ಟೀರಿಂಗಿನ ವಿಷಯದಲ್ಲಿ ನಾನು ನಂಬುವುದಿಲ್ಲ. ಮೋಟಾರು ವಾಹನ ಕಾಯಿದೆ 1988ರ 52ನೇ ಕಲಮು ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಅಪಘಾತವಾದರೆ ವಿಮೆಯವರು ಮೊದಲು ಕೇಳುವ ಪ್ರಶ್ನೆಯೂ ಇದೇ ಆಗಬಹುದು.

ಇನ್ನೊಂದು ಸಂಗತಿಯನ್ನು ಹೊರಗಿನ ಮೆಕ್ಯಾನಿಕ್‌ಗಳು ಮರೆಯುತ್ತಾರೆ, ನೀವು ಮರೆಯಬಾರದು. ಲೋಡರಿನ ಸಿಲಿಂಡರ್ ಒಣ ಧೂಳಿನಲ್ಲಿ ದುಡಿಯಲು ಇಟ್ಟದ್ದು. ನಿಮ್ಮದು ಎರೆ ಭೂಮಿಯ ಕೆಸರುಗದ್ದೆ. ಕೆಸರಿಗೆಂದು ಹಾಕುವ ಕಬ್ಬಿಣದ ಪಂಜರದಂಥ ಕೇಜ್ ವೀಲ್ ಹಾಕಿ ಉಳುವಾಗ ಸಿಲಿಂಡರಿನ ರಾಡಿಗೆ ಅಂಟುವ ಎರೆಮಣ್ಣು ಒಣಗಿ ಸೀಲನ್ನು ಕೊಯ್ಯುತ್ತದೆ, ಭತ್ತದ ಕೂಳೆ ಪೈಪಿಗೆ ಸಿಕ್ಕಿಕೊಳ್ಳುತ್ತದೆ. ಅದಲ್ಲದೆ ಆ ಕೆಸರಿನಲ್ಲಿ ನಿಮ್ಮ ಕಷ್ಟ ಸ್ಟೀರಿಂಗಿನ ಬಿಗಿತವೇ ಅಲ್ಲ. ಮುಂದಿನ ಗಾಲಿ ತಿರುಗಿದರೂ ಹಿಡಿತವಿಲ್ಲದೆ ಜಾರುತ್ತದೆ, ಟ್ರ್ಯಾಕ್ಟರನ್ನು ತಿರುಗಿಸುವುದು ಒಂದು ಪಕ್ಕದ ಬ್ರೇಕು. ಅಲ್ಲಿ ಯಾವ ಪವರ್ ಸ್ಟೀರಿಂಗೂ ಬ್ರೇಕಿನ ಕೆಲಸ ಮಾಡದು. ನಿಮ್ಮ ಭುಜ ನೋಯುವುದು ಹೆಚ್ಚಾಗಿ ರಸ್ತೆಯಲ್ಲಿ, ಕಣದಲ್ಲಿ, ಮನೆಯಂಗಳದಲ್ಲಿ ಹಿಂದೆ ಮುಂದೆ ಮಾಡುವಾಗ ಇರಬೇಕೆಂದು ನನ್ನ ಊಹೆ.

ಹಾಗಿದ್ದರೆ ಮೊದಲು ಮಾಡಬೇಕಾದ ಕೆಲಸ ಹಣದ್ದಲ್ಲ, ಒಂದು ಬೆಳಗಿನದು. ಪವರ್ ಸ್ಟೀರಿಂಗ್ ಬೇಕೆಂದು ನನ್ನ ಬಳಿಗೆ ಬಂದ ಹಳೆಯ ಟ್ರ್ಯಾಕ್ಟರುಗಳಲ್ಲಿ ಬಹಳಷ್ಟಕ್ಕೆ ಬೇಕಾಗಿದ್ದದ್ದು ಬುಷ್ಷು ಮತ್ತು ಗ್ರೀಸು. ಟ್ರ್ಯಾಕ್ಟರಿನ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿ ಮರದ ದಿಮ್ಮಿಗಳ ಮೇಲೆ ಕೂರಿಸಿ, ಎರಡೂ ಗಾಲಿ ನೆಲ ಬಿಟ್ಟಿರಲಿ. ಈಗ ಸ್ಟೀರಿಂಗ್ ತಿರುಗಿಸಿ. ಹಗುರವಾಗಿ ತಿರುಗಿದರೆ ದೋಷ ಟೈರಿನಲ್ಲಿದೆ: ಗಾಳಿ ಕಡಿಮೆ, ಅಥವಾ ಎರಡು ಗಾಲಿಗಳ ಮುಂಬದಿ ತುಸು ಒಳಮುಖವಾಗಿರಬೇಕಾದ ಅಳತೆ, ಅಂದರೆ ಟೋ-ಇನ್, ಕೆಟ್ಟಿದೆ. ಮುಂದಿನ ಟೈರಿಗೆ 30 ಪೌಂಡಿನ ಆಸುಪಾಸು ಗಾಳಿ ಬೇಕಾದಲ್ಲಿ ಅದರ ಅರ್ಧದಲ್ಲಿ ಓಡಿಸುವವರನ್ನು ಪ್ರತಿ ಸುಗ್ಗಿಯಲ್ಲೂ ಕಾಣುತ್ತೇನೆ. ಗಾಳಿ ಅರ್ಧಕ್ಕೆ ಇಳಿದರೆ ನಿಂತಲ್ಲಿ ತಿರುಗಿಸುವ ಬಲ ಸುಮಾರು ನಲವತ್ತು ಶೇಕಡಾ ಏರುತ್ತದೆ. ಎತ್ತಿದಾಗಲೂ ಬಿಗಿಯಾಗಿಯೇ ಇದ್ದರೆ ಎರಡೂ ಡ್ರಾಗ್ ಲಿಂಕುಗಳನ್ನು ಬಿಚ್ಚಿ ಒಂದೊಂದೇ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿ. ಗಾಲಿ ಬಿಗಿಯಾಗಿದ್ದರೆ ಗಾಲಿ ಎಡಬಲ ತಿರುಗಲು ಆಧಾರವಾದ ಕಿಂಗ್ ಪಿನ್ನಿನ ಬುಷ್ಷು ಒಣಗಿದೆ, ಇಲ್ಲವೇ ಅದರ ಬುಡದಲ್ಲಿ ಭಾರ ಹೊರುವ ಥ್ರಸ್ಟ್ ಬೇರಿಂಗ್ ತುಕ್ಕು ಹಿಡಿದಿದೆ. ಗಾಲಿ ಸಲೀಸಾಗಿದ್ದು ಸ್ಟೀರಿಂಗ್ ಚಕ್ರವೇ ಬಿಗಿ ಎಂದಾದರೆ ಬಾಕ್ಸಿನಲ್ಲಿ ಎಣ್ಣೆ ಇಲ್ಲ, ಅಥವಾ ಆಟ ತೆಗೆಯುವ ಹೆಸರಿನಲ್ಲಿ ಯಾರೋ ಅದನ್ನು ಅತಿಯಾಗಿ ಬಿಗಿದಿದ್ದಾರೆ. ಗ್ರೀಸನ್ನೂ ಗಾಲಿ ಎತ್ತಿರುವಾಗಲೇ ಹೊಡೆಯಿರಿ. ಭಾರ ಕೂತಿರುವಾಗ ಹೊಡೆದ ಗ್ರೀಸು ಥ್ರಸ್ಟ್ ಬೇರಿಂಗಿನ ಮುಖಕ್ಕೆ ತಲುಪದೆ ಪಕ್ಕದಿಂದ ಹೊರಬರುತ್ತದೆ, ನಾವು ತುಂಬಿತೆಂದು ತಿಳಿಯುತ್ತೇವೆ.

ಇಷ್ಟು ಮಾಡಿದ ಮೇಲೂ ಭುಜ ತಾಳದಿದ್ದರೆ, ನಿಮ್ಮ ಮಾದರಿಗೆಂದೇ ತಯಾರಕರು ಒಪ್ಪಿದ ಪವರ್ ಸ್ಟೀರಿಂಗ್ ಸೆಟ್ ಸಿಗುತ್ತದೆಯೇ ಎಂದು ಅಧಿಕೃತ ಡೀಲರಲ್ಲಿ ಎಂಜಿನ್ ಮತ್ತು ಚಾಸಿಸ್ ಸಂಖ್ಯೆ ಕೊಟ್ಟು ವಿಚಾರಿಸಿ. ಪಂಪು, ಎಣ್ಣೆ ಡಬ್ಬಿ, ಯೂನಿಟ್, ಸಿಲಿಂಡರ್, ಆಕ್ಸಲ್ ಇವೆಲ್ಲ ಒಂದೇ ಸೆಟ್ಟಿನಲ್ಲಿ ಇರಬೇಕು. ಆಕ್ಸಲ್ ಹಳೆಯದೇ ಸಾಕು ಎಂದವರನ್ನು ನಿಮ್ಮ ಎರಡು ಲಿಂಕುಗಳನ್ನು ಏನು ಮಾಡುತ್ತೀರಿ ಎಂದು ಕೇಳಿ, ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಎದ್ದು ಬನ್ನಿ. ಒಂದೇ ಬದಿಯಲ್ಲಿ ರಾಡ್ ಇರುವ ಸಿಲಿಂಡರಾದರೆ ಒಂದು ಕಡೆಗೆ ತಿರುಗಿಸುವಾಗ ಸುತ್ತುಗಳು ಕಡಿಮೆಯಾಗಿ ಬಲವೂ ಕಡಿಮೆ ಇರುತ್ತದೆ. ಅದು ದೋಷವಲ್ಲ, ರಾಡ್ ಎಣ್ಣೆಯ ಜಾಗವನ್ನು ತಿನ್ನುವುದರಿಂದ ಹಾಗಾಗುತ್ತದೆ. ಎಣ್ಣೆಯ ಬಗೆಯನ್ನು ಹಾಕಿಸಿಕೊಂಡ ಮೇಲೆ ಪೈಪುಗಳನ್ನು ನಿಮ್ಮ ಜೀವದಂತೆ ನೋಡಿಕೊಳ್ಳಬೇಕಾಗುತ್ತದೆ. ಗಣಿಯ ಇಳಿಜಾರಿನಲ್ಲಿ ಪೈಪು ಒಡೆದ ಲೋಡರೊಂದರ ಚಾಲಕರು ಬಕೆಟ್ಟನ್ನು ನೆಲಕ್ಕೆ ಇಳಿಸಿ ಯಂತ್ರವನ್ನು ನಿಲ್ಲಿಸಿದ್ದನ್ನು ನೋಡಿದ್ದೇನೆ. ಟ್ರಾಲಿ ಕಟ್ಟಿದ ಗದ್ದೆಯ ಟ್ರ್ಯಾಕ್ಟರಿಗೆ ಇಳಿಸಲು ಬಕೆಟ್ ಇಲ್ಲ.

ಹಳದಿ ಯಂತ್ರವನ್ನು ಬಿಚ್ಚಿ ಹಾಳುಮಾಡಬೇಡಿ ಎಂಬುದು ನನ್ನ ಕಳಕಳಿಯ ಮಾತು. ಅದು ಮಾಡಬಲ್ಲ ಕೆಲಸ ನಿಮ್ಮ ಮನೆಯಲ್ಲಿಯೇ ಇದೆ. ಅದಿರು ತುಂಬಿದರೆ 600 ಕಿಲೋ ಆಗುವ ಅದೇ ಬಕೆಟ್ಟಿಗೆ ಭತ್ತದ ಹೊಟ್ಟು ತುಂಬಿದರೆ ಸುಮಾರು 30 ಕಿಲೋ ಆಗುತ್ತದೆ, ತಿಪ್ಪೆಗೊಬ್ಬರ ತುಂಬಿದರೂ ಅದಿರಿನ ಅರ್ಧಕ್ಕಿಂತ ಕಡಿಮೆಯೇ. ಗಣಿಯಲ್ಲಿ ಸೋತ ಯಂತ್ರಕ್ಕೆ ಕಣದ ಕೆಲಸ ವಿಶ್ರಾಂತಿಯಂತಿರುತ್ತದೆ. ನಿಂತಲ್ಲಿ ತಿರುಗಿಸಬೇಕಾದ ಕೆಲಸವೆಲ್ಲ ಅದಕ್ಕೆ ಹೋದರೆ 1035ಕ್ಕೆ ಉಳಿಯುವುದು ಉಳುಮೆ ಮತ್ತು ಟ್ರಾಲಿ, ಎರಡರಲ್ಲೂ ಅದರ ಮೂತಿ ತಾನಾಗಿಯೇ ಹಗುರ.

ಅದಕ್ಕೆ ಹಣ ಹಾಕುವ ಮೊದಲು ಇಷ್ಟನ್ನು ನೋಡಿ. ಎಣ್ಣೆಯ ಟ್ಯಾಂಕಿನ ತಳದಿಂದ ಸ್ವಲ್ಪ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಹಾಕಿ. ಕೆಂಪು ಪುಡಿ ಉಳಿದರೆ ಸಂಡೂರಿನ ಮಣ್ಣು ಒಳಗೆ ಹೊಕ್ಕಿದೆ, ಟ್ಯಾಂಕ್ ತೊಳೆದು ಫಿಲ್ಟರ್ ಬದಲಿಸದೆ ಹೊಸ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಬಳಿಕ ಅದರ ಮುಂಭಾಗವನ್ನೂ ಎತ್ತಿ, ಆಕ್ಸಲಿನ ನಡುವಿನ ಪಿನ್ನಿನ ಕೆಳಗೆ ಹಾರೆ ಕೊಟ್ಟು ಮೀಟಿ ನೋಡಿ. ಕಣ್ಣಿಗೆ ಕಾಣುವಷ್ಟು ಆಟವಿದ್ದರೆ ಪಿನ್ನನ್ನೂ ಬುಷ್ಷನ್ನೂ ಲೇತಿನಲ್ಲಿ ಹೊಸದಾಗಿ ಮಾಡಿಸಬೇಕು. ಆ ಕೆಲಸ ಮುಗಿಯುವವರೆಗೆ ಹೋಸ್ ಪೈಪಿಗಾಗಲಿ ಪೇಂಟಿಗಾಗಲಿ ಹಣ ಕೊಡಬೇಡಿ.